ಅಡುಗೆಮನೆಗೆ ಎಳೆದ ಎರಡನೇ ಫೋನ್ ಪಾಯಿಂಟ್: ಆರು ವರ್ಷ ಬಳಸಿದ ಮೇಲೆ

ವೈರ್ 15 ಮೀಟರ್, ಗೋಡೆಗೆ ಹೊಡೆಯುವ ಬಾಕ್ಸ್ ಒಂದು, ಮೊಳೆ ಸಮೇತ ಕ್ಲಿಪ್ಪು ಒಂದು ಪಾಕೀಟು. ಗಾಂಧಿ ಚೌಕದ ಹತ್ತಿರ ಕೊಂಡಾಗ ಎಲ್ಲ ಸೇರಿ 210 ರೂಪಾಯಿ. ಇದರ ಇಮ್ಮಡಿ ದುಡ್ಡು ಕೊಟ್ಟು ತಂದ ಮಿಕ್ಸರ್ ಜಾರನ್ನು ಯಾರೂ ಹೊಗಳಿಲ್ಲ, ಯಾರೂ ಬೈದಿಲ್ಲ. ಈ ಬಾಕ್ಸಿಗೆ ಮಾತ್ರ ನಮ್ಮನೆಯಲ್ಲಿ ಎರಡೂ ಧಾರಾಳವಾಗಿ ಸಿಕ್ಕಿವೆ.

ಈ ಕಾಲದಲ್ಲಿ ಲ್ಯಾಂಡ್‌ಲೈನ್ ಯಾಕೆ ಅನ್ನುವವರು ವಿಜಯಪುರದ ಹಳೇ ಓಣಿಯ ಕಲ್ಲಿನ ಮನೆಯಲ್ಲಿ ಒಂದು ದಿನ ಇದ್ದು ನೋಡಬೇಕು. ಗೋಡೆ ಎರಡು ಅಡಿಗೂ ದಪ್ಪ. ಅಡುಗೆಮನೆಯ ಹೊಸ್ತಿಲು ದಾಟಿದರೆ ಮೊಬೈಲಿನ ಸಿಗ್ನಲ್ ಕಡ್ಡಿಗಳು ಒಂದೊಂದೇ ಉದುರುತ್ತವೆ. ಅಲ್ಲದೆ ಹಿಟ್ಟು ಮೆತ್ತಿದ ಬೆರಳಿಗೆ ಟಚ್ ಸ್ಕ್ರೀನ್ ಮಾತು ಕೇಳುವುದಿಲ್ಲ. ಫೋನ್ ಇದ್ದದ್ದು ಪಡಸಾಲೆಯಲ್ಲಿ. ಅವ್ವ ಒಳಗೆ ರೊಟ್ಟಿ ಬಡಿಯುವಾಗ ಅದು ಬಾರಿಸಿದರೆ, ಮಂಡಿ ಹಿಡಿದು ಎದ್ದು, ಕೈ ಸೆರಗಿಗೆ ಒರೆಸಿಕೊಂಡು ಬರುವಷ್ಟರಲ್ಲಿ ನಿಂತೇ ಹೋಗುತ್ತಿತ್ತು. ಕಾರ್ಡ್‌ಲೆಸ್ ತಂದೆವು. ಗೋಡೆ ದಾಟಿ ದನಿ ತುಂಡುತುಂಡಾಗಿ ಬರುತ್ತಿತ್ತು. ಒಂದು ದಿನ ಇಡೀ ಹುಡುಕಿದ ಮೇಲೆ ಅದರ ಹ್ಯಾಂಡ್‌ಸೆಟ್ ಜೋಳದ ಡಬ್ಬಿಯಲ್ಲಿ ಸಿಕ್ಕಿತು. ಅಲ್ಲಿಗೆ ಕಾರ್ಡ್‌ಲೆಸ್ ಕಥೆ ಮುಗಿಯಿತು.

ಸಾಕೆಟ್ ಕೂಡಿಸುವುದು ದೊಡ್ಡ ವಿದ್ಯೆಯೇನಲ್ಲ. ಪಡಸಾಲೆಯ ಬಾಕ್ಸಿನಲ್ಲಿ ಲೈನಿನ ಎರಡು ತಂತಿ ಬಂದಿರುತ್ತವೆ. ಅದೇ ಎರಡು ಸ್ಕ್ರೂಗಳಿಗೆ ಹೊಸ ವೈರಿನ ಎರಡು ಎಳೆ ಸೇರಿಸಿ, ಆ ಕಡೆ ತುದಿಯನ್ನು ಹೊಸ ಬಾಕ್ಸಿಗೆ ಕಟ್ಟಿದರೆ ಆಯಿತು. ಫೋನಿನ ವೈರ್ ಸಿಕ್ಕಿಸುವ ಜ್ಯಾಕಿನೊಳಗೆ ನಾಲ್ಕು ಕಡ್ಡಿ ಕಂಡರೂ ಕೆಲಸ ಮಾಡುವುದು ನಡುವಿನ ಎರಡೇ. ವೈರನ್ನು ಬಾಗಿಲ ಚೌಕಟ್ಟಿನ ಮೇಲಿಂದ ಹಾಯಿಸಿದೆ, ಗೋಡೆ ಕೊರೆಯುವ ಗೋಜಿಗೆ ಹೋಗಲಿಲ್ಲ.

ನಾನು ಮಾಡಿದ ಶ್ಯಾಣ್ಯಾತನ ಏನೆಂದರೆ, ಪಡಸಾಲೆ ಕಡೆಯ ತುದಿಯನ್ನು ಮೊದಲು ಕಟ್ಟಿಬಿಟ್ಟೆ. ಆಮೇಲೆ ಅಡುಗೆಮನೆಯಲ್ಲಿ ಕುಕ್ಕರಗಾಲಲ್ಲಿ ಕೂತು ಈ ಕಡೆ ತುದಿಯ ಪ್ಲಾಸ್ಟಿಕ್ಕನ್ನು ಹಲ್ಲಿನಿಂದ ಸುಲಿಯತೊಡಗಿದೆ. ಸುಮ್ಮನಿರುವ ಲೈನಿನಲ್ಲಿ 48 ವೋಲ್ಟ್ ಡಿಸಿ ಇರುತ್ತದೆ. ರಿಂಗ್ ಬರುವಾಗ ಅದರ ಮೇಲೆ ಸುಮಾರು 75 ವೋಲ್ಟ್ ಎಸಿ ಏರುತ್ತದೆ. ಸರಿಯಾಗಿ ಆ ಹೊತ್ತಿಗೆ ಜಮಖಂಡಿಯಿಂದ ತಂಗಿ ಫೋನ್ ಮಾಡಿದಳು. ಸಾಯುವಂಥದ್ದಲ್ಲ, ಆದರೆ ಹಲ್ಲು ಆ ದಿನವೆಲ್ಲ ಜುಮ್ಮೆನ್ನುತ್ತಿತ್ತು. ಹೊಸ ತುದಿ ಮೊದಲು, ಹಳೇ ಬಾಕ್ಸ್ ಕಟ್ಟಕಡೆಗೆ. ಹಲ್ಲಿದ್ದವರು ನೆನಪಿಟ್ಟುಕೊಳ್ಳಿ.

ಮೊದಲ ವರ್ಷ ಮಾತ್ರ ಸುಖವೋ ಸುಖ. ಸಂಜೆ ಏಳಕ್ಕೆ ತಂಗಿಯ ಫೋನು. ಅವ್ವ ರಿಸೀವರನ್ನು ಕಿವಿ ಮತ್ತು ಹೆಗಲ ನಡುವೆ ಸಿಕ್ಕಿಸಿಕೊಂಡು, ಎರಡೂ ಕೈಯಿಂದ ರೊಟ್ಟಿ ಬಡಿಯುತ್ತಲೇ ಮಾತಾಡುತ್ತಾಳೆ. ಆ ತಪತಪ ಸಪ್ಪಳವನ್ನು ತಂಗಿ ಅಲ್ಲಿ ಕೂತು ಕೇಳುತ್ತಾಳೆ. "ಅವ್ವಾ, ಹಿಟ್ಟು ಸಡಲ ಆಗೈತೇನ? ಸಪ್ಪಳ ಬ್ಯಾರೆ ಬರಾಕತ್ತೈತಿ" ಅಂತ ಒಮ್ಮೆ ಕೇಳಿದಳು. ಅವ್ವ ರೊಟ್ಟಿ ಬಿಟ್ಟು ನನ್ನ ಮುಖ ನೋಡಿದಳು. ಸಡಲ ಆಗಿದ್ದು ಖರೆ. ರಿಸೀವರಿನ ಮಾತಾಡುವ ತೂತುಗಳಲ್ಲಿ ಜೋಳದ ಹಿಟ್ಟು ಕೂತು ಬೆಳ್ಳಗಾಗಿರುತ್ತದೆ. ಅಮಾವಾಸ್ಯೆಗೊಮ್ಮೆ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯುವುದು ನನ್ನ ಪಾಲಿನ ಕೆಲಸ.

2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಹಚ್ಚಬೇಕಾದರೆ ಮೊದಲು ಸೊನ್ನೆ ಒತ್ತಬೇಕೆಂದಾಯಿತಲ್ಲ, ಅವ್ವ ಇದ್ದಿಲಿನಿಂದ ಸಾಕೆಟ್ಟಿನ ಪಕ್ಕ ಗೋಡೆಗೇ ಒಂದು ಸೊನ್ನೆ ಬರೆದಿದ್ದಾಳೆ. ಸುಣ್ಣ ಹಚ್ಚುವಾಗಲೂ ಅದನ್ನು ಬಿಟ್ಟೇ ಹಚ್ಚಿಸಿದಳು.

ಇನ್ನು ಬೈಗುಳದ ಪಾಳಿ. ಎರಡನೇ ಮಳೆಗಾಲಕ್ಕೆ ಲೈನಿನಲ್ಲಿ ಕರಕರ ಶುರುವಾಯಿತು. "ಒಗ್ಗರಣಿ ಹಾಕಾಕತ್ತೀಯೇನ?" ಅಂತ ತಂಗಿ ಕೇಳುವಳು. ಒಲೆಯ ಮೇಲೆ ಏನೂ ಇರುತ್ತಿರಲಿಲ್ಲ. ನಾನು ಎಕ್ಸ್‌ಚೇಂಜಿಗೆ ಎರಡು ಸಲ ದೂರು ಕೊಟ್ಟೆ, ಫೋನ್ ಬದಲಿಸಿದೆ, ಮನೆ ಮುಂದಿನ ಕಂಬಕ್ಕೂ ಬೈದೆ. ಲೈನ್‌ಮನ್ ಬಂದವರು ಮಾಡಿದ್ದು ಒಂದೇ ಕೆಲಸ. ಪಡಸಾಲೆ ಬಾಕ್ಸಿನಿಂದ ಅಡುಗೆಮನೆಯ ವೈರ್ ಬಿಚ್ಚಿ, ಅಲ್ಲೇ ಫೋನ್ ಸಿಕ್ಕಿಸಿ ನನ್ನ ಕಿವಿಗೆ ಹಿಡಿದರು. ದನಿ ತಿಳಿನೀರು. "ಸಾಹೇಬ್ರ, ಲೈನ್ ಸುದ್ದ ಐತ್ರಿ. ರೋಗ ನಿಮ್ಮ ಮನ್ಯಾಗೈತಿ" ಅಂದರು.

ಅಡುಗೆಮನೆಯ ಬಾಕ್ಸ್ ಬಿಚ್ಚಿದರೆ ಒಳಗೆ ಹಸಿರು. ಅವ್ವ ನೆಲಕ್ಕೆ ಕೂತೇ ಕೆಲಸ ಮಾಡುತ್ತಾಳೆಂದು ಬಾಕ್ಸನ್ನು ಒಂದೂವರೆ ಅಡಿ ಎತ್ತರಕ್ಕೆ ಹೊಡೆದಿದ್ದೆ, ಅದೂ ಜ್ಯಾಕಿನ ಬಾಯಿ ಮೇಲಕ್ಕೆ ಮಾಡಿ. ಹಿಟ್ಟು ಬೀಳುತ್ತಿತ್ತು, ಎಸರಿನ ಹಬೆ ಬಡಿಯುತ್ತಿತ್ತು. ತಾಮ್ರಕ್ಕೆ ಹಸಿ ತಾಗಿ, ಮೇಲೆ ಹಗಲೂರಾತ್ರಿ ಡಿಸಿ ಹರಿಯುತ್ತಿದ್ದರೆ ಕಿಲುಬು ಬೇಗ ಏರುತ್ತದೆ. ಒಂದು ಎಳೆ ಕೂದಲಿನಷ್ಟಾಗಿ ಮುಟ್ಟಿದರೆ ಮುರಿಯಿತು. ಕಂಪನಿಗೆ ಬೈದದ್ದನ್ನೆಲ್ಲ ನುಂಗಿಕೊಳ್ಳಬೇಕಾಯಿತು. ಹೊಸ ಬಾಕ್ಸಿಗೆ 50 ರೂಪಾಯಿ. ಲೈನ್‌ಮನ್ ತಮ್ಮ ಚೀಲದಿಂದ ಜೆಲ್ ತುಂಬಿದ ಪುಟ್ಟ ಕನೆಕ್ಟರ್ ಎರಡು ಕೊಟ್ಟರು. ತಂತಿ ಒಳಗಿಟ್ಟು ಪ್ಲೈಯರ್‌ನಿಂದ ಒತ್ತಿದರೆ ಗಾಳಿ ನೀರು ಸೋಕುವುದಿಲ್ಲ. ಈಗ ಜ್ಯಾಕಿನ ಬಾಯಿ ಕೆಳಗೆ. ಆಮೇಲೆ ಕರಕರ ಬಂದಿಲ್ಲ.

ಎರಡು ವರ್ಷದ ಹಿಂದೆ ಫೈಬರ್ ಬಂತು, ತಾಮ್ರದ ಲೈನ್ ಹೋಯಿತು. ಸಾಕೆಟ್ಟಿನ ಆಯುಷ್ಯ ತೀರಿತು ಅಂದುಕೊಂಡಿದ್ದೆ. ಆದರೆ ಫೈಬರ್ ಮೋಡೆಮ್ಮಿನ ಹಿಂದೆ ಫೋನ್ ಪೋರ್ಟ್ ಇರುತ್ತದೆ. ಹೊರಗಿನ ಹಳೇ ಜೋಡಿ ತಂತಿಯನ್ನು ಪಡಸಾಲೆ ಬಾಕ್ಸಿನಿಂದ ಪೂರ್ತಿ ಬಿಡಿಸಿ, ಆ ಪೋರ್ಟಿನಿಂದ ಅದೇ ಬಾಕ್ಸಿಗೆ ಒಂದು ವೈರ್ ಕೊಟ್ಟರೆ, ಮನೆಯ ಎರಡೂ ಪಾಯಿಂಟ್ ಜೀವ ಹಿಡಿಯುತ್ತವೆ. ಹಳೇ ತಂತಿ ಬಿಡಿಸದೆ ಇದನ್ನು ಮಾಡಬೇಡಿ, ಮೋಡೆಮ್ ಸುಡಬಹುದು.

ಕಳಕೊಂಡದ್ದೂ ಉಂಟು. ಮೊದಲು ಫೋನಿಗೆ ಬೇಕಾದ ವಿದ್ಯುತ್ತು ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ ಲೈನಿನಲ್ಲಿ ಬರುತ್ತಿತ್ತು. ಓಣಿಯೆಲ್ಲ ಕತ್ತಲಾದರೂ ನಮ್ಮ ಫೋನ್ ಬಾರಿಸುತ್ತಿತ್ತು. ಈಗ ಕರೆಂಟ್ ಹೋದರೆ ಮೋಡೆಮ್ ಮಲಗುತ್ತದೆ, ಫೋನೂ ಮಲಗುತ್ತದೆ. "ಹೊಸಾದು ಅಂತೀರಿ, ಕತ್ತಲಾಗ ಹೆದರ್ತೈತಲ್ಲೋ ಇದು" ಅಂತ ಅವ್ವನ ತಕರಾರು. 12 ವೋಲ್ಟಿನ ಸಣ್ಣ ಯುಪಿಎಸ್ಸಿಗೆ 1,300 ರೂಪಾಯಿ ತೆತ್ತೆ. 210ರ ಸಾಕೆಟ್ಟಿಗೆ 1,300ರ ಕಾವಲು.

ನನ್ನಂತೆ ತಿಂಗಳ ಕೊನೆಗೆ ಜೇಬು ತಡವಿ ನೋಡುವವರಿಗೆ ಇದಕ್ಕಿಂತ ಅಗ್ಗದ ಉಪಾಯ ನನಗೆ ಕಂಡಿಲ್ಲ. ಗುಟ್ಟು ಮಾತ್ರ ಉಳಿಯುವುದಿಲ್ಲ. ಎರಡೂ ಫೋನು ಒಂದೇ ಲೈನಿನ ಮೇಲಿರುವುದರಿಂದ ಪಡಸಾಲೆಯಲ್ಲಿ ಎತ್ತಿದರೆ ಒಳಗಿನ ಮಾತೆಲ್ಲ ಕೇಳುತ್ತದೆ. ಹಾಗಂತ ಕದ್ದು ಕೇಳುವುದಕ್ಕೂ ಆಗುವುದಿಲ್ಲ, ಇನ್ನೊಂದು ರಿಸೀವರ್ ಎದ್ದ ಕೂಡಲೇ ದನಿ ಇಳಿಯುತ್ತದೆ. ಹೋದ ವಾರ ನನ್ನ ಪಗಾರದ ಸುದ್ದಿ ನಡೆದಿತ್ತು. ಮೆಲ್ಲಗೆ ಎತ್ತಿದೆ.

"ದನಿ ಸಣ್ಣ ಆತು ನೋಡವಾ" ಅಂದಳು ತಂಗಿ.

"ನಿಮ್ಮಣ್ಣ ಎತ್ತ್ಯಾನ" ಅಂದಳು ಅವ್ವ. "ಇಡೋ ತಮ್ಮಾ, ರೊಟ್ಟಿ ಆರಾಕತ್ತ್ಯಾವು, ಉಣ್ಣಾಕ ಬಾ."