ಹಳೇ ಕಾರ್ಡು, ಸೆಕೆಂಡ್ ಹ್ಯಾಂಡು, ಹೊಸದು: ಯಾವಾಗ ಯಾವುದು?

ಮೂರು ಗ್ರಾಫಿಕ್ಸ್ ಕಾರ್ಡುಗಳನ್ನು (ಆಟದ ಚಿತ್ರ ತಯಾರಿಸಿ ಪರದೆಗೆ ಕಳಿಸುವ ಭಾಗ) ಚಿಕ್ಕಮಗಳೂರಿನ ನಮ್ಮನೆಯ ಒಂದೇ ಕಂಪ್ಯೂಟರ್‌ಗೆ ಹಾಕಿ ಆಡಿ ನೋಡಿದೆ. ಐ5 10400ಎಫ್ ಪ್ರೊಸೆಸರ್, 16 ಜಿಬಿ ರ‍್ಯಾಮ್, 1080ಪಿ ಮಾನಿಟರ್, ಅದೂ 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಚಿತ್ರ ಮಾತ್ರ ತೋರಿಸುವಂಥದ್ದು. ಜಿಟಿಎಕ್ಸ್ 1650 ನನ್ನ ಹಳೇದು. ಆರ್‌ಎಕ್ಸ್ 6600 ಸೆಕೆಂಡ್ ಹ್ಯಾಂಡ್. ಆರ್‌ಟಿಎಕ್ಸ್ 4060 ಹಾಸನದ ಚಿಕ್ಕಪ್ಪನ ಮಗನದು, ಬೇಡಿ ತಂದಿದ್ದು.

1650 ಬಂದಿದ್ದು 2019ರಲ್ಲಿ. ಕಾರ್ಡಿನ ಸ್ವಂತ ಮೆಮೊರಿ ಬರೀ 4 ಜಿಬಿ. ಆದ್ರೂ ವ್ಯಾಲೊರಂಟ್ ಆಡೋರಿಗೆ ಇವತ್ತಿಗೂ ಸಾಕು, ಸುಮ್ನೆ ದುಡ್ಡು ಹಾಕಬೇಡಿ. ಸೈಬರ್‌ಪಂಕ್ 2077 ಕೂಡ ಸೆಟ್ಟಿಂಗ್ ಇಳಿಸಿ, ಎಫ್‌ಎಸ್‌ಆರ್ (ಚಿತ್ರವನ್ನು ಚಿಕ್ಕದಾಗಿ ತಯಾರಿಸಿ ಪರದೆಗೆ ಹಿಗ್ಗಿಸುವ ತಂತ್ರ) ಹಾಕಿದರೆ ನಡೆಯುತ್ತದೆ. ಆದರೆ ಕಾರು ತಿರುಗಿಸಿ ಹೊಸ ಬೀದಿಗೆ ನುಗ್ಗಿದಾಗ ಗೋಡೆಗಳೆಲ್ಲ ಮಸುಕು. ಎರಡು ಸೆಕೆಂಡ್ ಬಿಟ್ಟು ಇಟ್ಟಿಗೆ ಕಾಣಿಸುತ್ತದೆ, ಅಷ್ಟರಲ್ಲಿ ಆಟ ಒಮ್ಮೆ ಜರ್ಕ್ ಹೊಡೆದಿರುತ್ತದೆ. ಮೆಮೊರಿ ತುಂಬಿತು ಅಂತ ಅರ್ಥ. ಇಷ್ಟಾದರೂ ಸಹಿಸಬಹುದು. 2025ರ ಡೂಮ್: ದ ಡಾರ್ಕ್ ಏಜಸ್‌ಗೆ ರೇ ಟ್ರೇಸಿಂಗ್ (ಬೆಳಕು, ನೆರಳನ್ನು ನಿಜದಂತೆ ಲೆಕ್ಕ ಹಾಕುವ ವಿಧಾನ) ಇರುವ ಕಾರ್ಡೇ ಬೇಕು. 1650ರಲ್ಲಿ ಅದಿಲ್ಲ, ಸೆಟ್ಟಿಂಗ್ ಎಷ್ಟು ಇಳಿಸಿದರೂ ಪ್ರಯೋಜನವಿಲ್ಲ. ನಿಮಗೆ ಬೇಕಾದ ಆಟ ಈ ಗುಂಪಿಗೆ ಸೇರಿದ್ದರೆ ಕಾಯೋದು ದಂಡ.

6600ರಲ್ಲಿ 8 ಜಿಬಿ ಇದೆ. ಸೈಬರ್‌ಪಂಕ್ ಹೈ ಸೆಟ್ಟಿಂಗ್‌ನಲ್ಲಿ ಸೆಕೆಂಡಿಗೆ 60 ಫ್ರೇಮಿನ (ಚಿತ್ರದ) ಆಸುಪಾಸು ಓಡಿತು, ಗೋಡೆ ಮಸುಕಾಗೋದು ನಿಂತಿತು. ಡೂಮ್ ಕೂಡ ತೆರೆಯಿತು. ಒಂದು ವಿಷಯ ಮೊದಲೇ ನೋಡಿಕೊಳ್ಳಿ. ಅನೇಕ 1650 ಕಾರ್ಡುಗಳು ಮದರ್‌ಬೋರ್ಡ್ ಸ್ಲಾಟಿನಿಂದಲೇ 75 ವ್ಯಾಟ್ ಎಳೆದುಕೊಂಡು ಬದುಕುತ್ತವೆ. 6600ಕ್ಕೆ 132 ವ್ಯಾಟ್, 8 ಪಿನ್ ಕೇಬಲ್ ಬೇಕು. ಕಡಿಮೆ ದುಡ್ಡಲ್ಲಿ ಅಸೆಂಬಲ್ ಮಾಡಿಸಿದ ಸಿಸ್ಟಂಗಳ ಎಸ್‌ಎಂಪಿಎಸ್‌ನಲ್ಲಿ (ಒಳಗೆ ಕರೆಂಟ್ ಕೊಡುವ ಪೆಟ್ಟಿಗೆ) ಆ ಕೇಬಲ್ಲೇ ಇರೋದಿಲ್ಲ. ಆಗ ಕಾರ್ಡಿನ ಜೊತೆ ಹೊಸ ಎಸ್‌ಎಂಪಿಎಸ್ ಖರ್ಚೂ ಸೇರಿತು.

ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಫೋಟೋ ನಂಬಬೇಡಿ. ಮಾರುವವನ ಮನೆಯಲ್ಲೇ ಕಾಲು ಗಂಟೆ ಫರ್‌ಮಾರ್ಕ್ (ಕಾರ್ಡಿಗೆ ಪೂರ್ತಿ ಕೆಲಸ ಕೊಟ್ಟು ಪರೀಕ್ಷಿಸುವ ಸಾಫ್ಟ್‌ವೇರ್) ಓಡಿಸಿ. ಫ್ಯಾನ್ ಕಟಕಟ ಅಂತದಾ ಕೇಳಿ. ಹಿಂದಿನ ಸ್ಕ್ರೂ ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ. ಪೋರ್ಟಿನ ಅಂಚಲ್ಲಿ ಹಸಿರು ಕಲೆ (ತೇವಕ್ಕೆ ಹಿಡಿದ ಕಿಲುಬು) ಇದ್ದರೆ ವಾಪಸ್ ಬನ್ನಿ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಆನ್ ಮಾಡದೆ ಇಟ್ಟ ಕಾರ್ಡಿನ ಕಥೆ ಗೊತ್ತಲ್ಲ.

4060 ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. 115 ವ್ಯಾಟ್‌ನಲ್ಲೇ 6600ಕ್ಕಿಂತ ಮುಂದೆ ಓಡುತ್ತದೆ, ಎಫ್‌ಎಸ್‌ಆರ್ ಥರದ್ದೇ ಆದ ಡಿಎಲ್‌ಎಸ್‌ಎಸ್ ಹಾಕಿದರೆ ರೇ ಟ್ರೇಸಿಂಗೂ ಆಡಬಹುದು. ಫ್ರೇಮ್ ಜನರೇಷನ್ (ನಡುನಡುವೆ ಹೆಚ್ಚುವರಿ ಫ್ರೇಮ್ ತಾನೇ ಸೇರಿಸುವ ಸೌಲಭ್ಯ) ಆನ್ ಮಾಡಿ ಫ್ರೇಮಿನ ಅಂಕಿ ನೂರು ದಾಟಿದ್ದನ್ನು ವಿಡಿಯೋ ಕಾಲ್‌ನಲ್ಲಿ ತಮ್ಮನಿಗೆ ತೋರಿಸಿದೆ. "ಅಣ್ಣಾ, ನಿನ್ನ ಮಾನಿಟರ್ ಅರವತ್ತೇ ಹರ್ಟ್ಸ್ ಅಲ್ವಾ? ಮಿಕ್ಕಿದ್ದು ಎಲ್ಲಿ ಕಾಣುತ್ತೆ?" ಅಂದ. ನಿಜವೇ. ನನ್ನಂಥ ಪರದೆ ಇರುವವರಿಗೆ 4060ರ ಹೆಚ್ಚಿನ ದುಡ್ಡಿಗೆ 144 ಹರ್ಟ್ಸ್ ಮಾನಿಟರ್ ಮೊದಲು ಬರಬೇಕು. ಕಾರ್ಡು ಹಾಸನಕ್ಕೆ ವಾಪಸ್ ಹೋಯಿತು, 6600 ನನ್ನಲ್ಲೇ ಉಳಿಯಿತು.

ಇನ್ನು ಸಮಯ. ಹೊಸ ಸರಣಿ ಬಂದ ಮೇಲಿನ ಎರಡು ಮೂರು ತಿಂಗಳು ಹಳೇ ಕಾರ್ಡು ಕೊಳ್ಳೋಕೆ ಒಳ್ಳೆ ಕಾಲ, ಬೆಂಗಳೂರಿನ ಹುಡುಗರು ಆಗಲೇ ಮಾರೋದು. ದೀಪಾವಳಿ ಆಫರ್‌ಗೆ ಕಾಯೋದಾದರೆ ಆಗಸ್ಟಿನ ಬೆಲೆ ಬರೆದಿಟ್ಟುಕೊಂಡು ಕಾಯಿರಿ. ಆದರೆ ಕಾದಷ್ಟೂ ಅಗ್ಗ ಅನ್ನೋ ಲೆಕ್ಕ 2025ರ ಕೊನೆಯಿಂದ ಕೈಕೊಟ್ಟಿದೆ. ಎಐ ಡೇಟಾ ಸೆಂಟರ್‌ಗಳು ಕಾರ್ಡುಗಳಿಗೂ ಬೇಕಾದ ಮೆಮೊರಿ ಚಿಪ್ ಬಾಚಿಕೊಳ್ಳುತ್ತಿವೆ, ರ‍್ಯಾಮ್ ಬೆಲೆ ಏರಿದ್ದು ನೋಡಿದ್ದೀರಿ. 2025ರ ಆರ್‌ಟಿಎಕ್ಸ್ 5060ರಲ್ಲೂ ಇರೋದು ಅದೇ 8 ಜಿಬಿ. ಹಾಗಾಗಿ ನಾನು ಮುಂದೆ ಬದಲಿಸಿದರೆ 16 ಜಿಬಿ ಕಾರ್ಡಿಗೇ. ಅದೂ ಏಪ್ರಿಲ್–ಮೇ ಗುಡುಗು ಸಿಡಿಲು ಮುಗಿದ ಮೇಲೆ, ಯುಪಿಎಸ್ ಜೊತೆಗೆ.