ಮಂಡ್ಯದ ನಮ್ಮ ಸ್ಟುಡಿಯೊದಲ್ಲಿ ನಾಲ್ಕು ಡಿಸ್ಕಿನ ನ್ಯಾಸ್: ಸಿನಾಲಜಿ ಡಿಎಸ್923 ಪ್ಲಸ್, ಒಂದೂವರೆ ವರ್ಷದ ಬಳಕೆಯ ನಂತರ

ಪಾಂಡವಪುರದ ಕಡೆಯ ಒಂದು ಕುಟುಂಬ ಮದುವೆಯಾಗಿ ಮೂರು ವರ್ಷ ಕಳೆದ ಮೇಲೆ ಮತ್ತೆ ನಮ್ಮ ಸ್ಟುಡಿಯೊಗೆ ಬಂದಿತ್ತು. ಅವರು ಬಂದದ್ದು ಆಲ್ಬಮ್‌ಗಾಗಿ ಅಲ್ಲ. ಹನ್ನೊಂದನೆಯ ದಿನದ ಕಾರ್ಯಕ್ಕೆ ಇಡಲು ಹುಡುಗಿಯ ತಂದೆಯ ಒಂದು ಭಾವಚಿತ್ರ ಬೇಕಾಗಿತ್ತು. ಧಾರೆ ಎರೆದು ತಲೆ ಎತ್ತುವಾಗ ಅವರು ನಕ್ಕಿದ್ದ ಒಂದು ಚಿತ್ರ ಆಲ್ಬಮ್‌ಗೆ ಆಯ್ಕೆಯಾಗದೆ ನಮ್ಮ ಸಂಗ್ರಹದಲ್ಲಿಯೇ ಉಳಿದಿತ್ತು, ಹತ್ತು ನಿಮಿಷದಲ್ಲಿ ಸಿಕ್ಕಿತು. ಆ ಸಂಗ್ರಹ ಇರುವುದು ನ್ಯಾಸ್‌ನಲ್ಲಿ, ಅಂದರೆ ಡಿಸ್ಕ್‌ಗಳನ್ನು ಹಾಕಿ ಜಾಲದ ಮೂಲಕ ಎಲ್ಲ ಕಂಪ್ಯೂಟರುಗಳಿಗೂ ಕಡತ ಒದಗಿಸುವ ಪೆಟ್ಟಿಗೆಯಲ್ಲಿ. ಅದನ್ನು ಕೊಳ್ಳುವಾಗ ಪ್ರೊಸೆಸರ್ ಯಾವುದು, ವೇಗ ಎಷ್ಟು ಎಂದು ಕೇಳುವವರೇ ಹೆಚ್ಚು. ನಾನು ಮೊದಲು ಕೇಳುವುದು ಬೇರೆಯದನ್ನು: ಒಂದು ಡಿಸ್ಕ್ ಸತ್ತ ದಿನ ಇದು ಹೇಗೆ ನಡೆದುಕೊಳ್ಳುತ್ತದೆ, ಜಾಗ ತುಂಬಿದ ದಿನ ಇದನ್ನು ಹೇಗೆ ಬೆಳೆಸಬಹುದು?

ನಮ್ಮಲ್ಲಿ ಒಂದು ಮದುವೆಗೆ ಸುಮಾರು 2000 ರಾ (ಕ್ಯಾಮೆರಾದ ಸಂಸ್ಕರಿಸದ) ಚಿತ್ರಗಳಾಗುತ್ತವೆ. ಒಂದಕ್ಕೆ 30 ಎಂಬಿ ಎಂದು ಹಿಡಿದರೂ 60 ಜಿಬಿ. ಸೆಕೆಂಡಿಗೆ 100 ಮೆಗಾಬಿಟ್‌ನಂತೆ ತೆಗೆದ 4ಕೆ ವಿಡಿಯೊ ಗಂಟೆಗೆ 45 ಜಿಬಿ ಆಗುವುದರಿಂದ, ಮೂರು ಗಂಟೆಯ ದೃಶ್ಯ ಸೇರಿದರೆ ಒಟ್ಟು 200 ಜಿಬಿ ಹತ್ತಿರ ಬರುತ್ತದೆ. 2021ರಲ್ಲಿ ಕೊಂಡಿದ್ದ ಎರಡು ಡಿಸ್ಕಿನ ಡಿಎಸ್220 ಪ್ಲಸ್‌ನಲ್ಲಿ ಒಂದು ಡಿಸ್ಕಿನ ನಕಲು ಇನ್ನೊಂದರಲ್ಲಿ ಇರುತ್ತಿದ್ದುದರಿಂದ ನಮಗೆ ಸಿಗುತ್ತಿದ್ದ ಜಾಗ 4 ಟಿಬಿ ಮಾತ್ರ. ಹೀಗಾಗಿ ಆಲ್ಬಮ್ ಒಪ್ಪಿಸಿದ ತಿಂಗಳೊಳಗೆ ಕಚ್ಚಾ ವಿಡಿಯೊ ಅಳಿಸಬೇಕಾಗುತ್ತಿತ್ತು. ಪ್ರತಿ ಸಲ ಅಳಿಸುವಾಗಲೂ ಮನಸ್ಸಿಗೆ ಕಸಿವಿಸಿಯಾಗುತ್ತಿತ್ತು.

ಆ ಹಳೆಯ ಪೆಟ್ಟಿಗೆಯಲ್ಲಿ ನಾವು ಕಲಿತ ದೊಡ್ಡ ಪಾಠ ಡಿಸ್ಕಿನದು. ನ್ಯಾಸ್‌ಗೆಂದು ಸ್ಪಷ್ಟವಾಗಿ ಹೇಳಿ ಕೇಳಿದರೂ ಅಂಗಡಿಯವರೊಬ್ಬರು ಸಾಮಾನ್ಯ ಕಂಪ್ಯೂಟರಿನ ಡಿಸ್ಕ್ ಕೊಟ್ಟಿದ್ದರು, ನಾವೂ ಪರೀಕ್ಷಿಸದೆ ಹಾಕಿದ್ದೆವು. 2023ರ ಮಾಘದಲ್ಲಿ, ಮುಹೂರ್ತಗಳ ನಡುವೆಯೇ, ಒಂದು ಡಿಸ್ಕ್ ಕೆಟ್ಟಿತು. ಬೆಳಗಿನ ಜಾವ ಆರಂಭವಾದ ಬೀಪ್ ಶಬ್ದ ಶಟರ್ ಎತ್ತುವ ಮೊದಲೇ ಹೊರಗೆ ಕೇಳುತ್ತಿತ್ತು. ಒಳಗೆ ಸ್ಥಿತಿ ದೀಪ ಕಿತ್ತಳೆ ಬಣ್ಣದಲ್ಲಿ ಮಿನುಗುತ್ತಿತ್ತು. ಅದೇ ಮಾದರಿಯ ಹೊಸ ಡಿಸ್ಕ್ ತಂದು ಹಾಕಿದೆವು. ಎಂಟು ಹತ್ತು ಗಂಟೆಯಲ್ಲಿ ಮುಗಿಯಬೇಕಾದ ಮರುಜೋಡಣೆ, ಅಂದರೆ ಉಳಿದ ಡಿಸ್ಕಿನಿಂದ ಹೊಸದಕ್ಕೆ ಎಲ್ಲವನ್ನೂ ಮರಳಿ ಬರೆಯುವ ಕೆಲಸ, ಎರಡು ಹಗಲು, ಎರಡು ರಾತ್ರಿ ನಡೆಯಿತು. ಅಷ್ಟು ಹೊತ್ತೂ ಮೂವತ್ತಕ್ಕೂ ಹೆಚ್ಚು ಮದುವೆಗಳ ನೆನಪು ಉಳಿದ ಒಂದೇ ಡಿಸ್ಕಿನ ಮೇಲೆ ನಿಂತಿತ್ತು.

ಕಾರಣ ಆಮೇಲೆ ತಿಳಿಯಿತು. ಅವು ಎಸ್‌ಎಂಆರ್ ಡಿಸ್ಕ್‌ಗಳು. ಅವುಗಳಲ್ಲಿ ದತ್ತಾಂಶದ ಪಥಗಳನ್ನು ಹೆಂಚು ಹೊದಿಸಿದಂತೆ ಒಂದರ ಅಂಚಿನ ಮೇಲೆ ಇನ್ನೊಂದು ಬರುವ ಹಾಗೆ ಬರೆಯಲಾಗುತ್ತದೆ. ಮಾಡಿನ ನಡುವಿನ ಒಂದು ಹೆಂಚು ಬದಲಿಸಲು ಅದರ ಮೇಲೆ ಕೂತ ಸಾಲುಗಳನ್ನೂ ಎತ್ತಿ ಮತ್ತೆ ಕೂರಿಸಬೇಕಾದಂತೆ, ಇಲ್ಲಿಯೂ ಒಂದು ಕಡೆ ತಿದ್ದಿದರೆ ಅಕ್ಕಪಕ್ಕದ ಪಥಗಳನ್ನೂ ಮರಳಿ ಬರೆಯಬೇಕು. ಸುಮ್ಮನೆ ಕಡತ ತುಂಬಿಡುವ ಕೆಲಸಕ್ಕೆ ಇದರಿಂದ ತೊಂದರೆಯಿಲ್ಲ, ಆದರೆ ನಾಲ್ಕು ಜನ ಎಡಿಟಿಂಗ್ ಮಾಡುತ್ತಿರುವಾಗ ಮರುಜೋಡಣೆ ನಡೆದರೆ ವೇಗ ಕುಸಿಯುತ್ತದೆ. ಆದ್ದರಿಂದ ಡಿಸ್ಕ್ ಕೊಳ್ಳುವಾಗ ತಯಾರಕರ ವಿವರ ಪತ್ರದಲ್ಲಿ ಸಿಎಂಆರ್ (ಪಥಗಳು ಒಂದರ ಮೇಲೊಂದು ಬಾರದ ಬಗೆ) ಎಂದು ಬರೆದಿದೆಯೇ ಎಂದು ನೋಡಿಕೊಂಡೇ ಹಣ ಕೊಡಿ. 2020ರಲ್ಲಿ ಡಬ್ಲ್ಯುಡಿ ರೆಡ್ ಸರಣಿಯ ಕೆಲವು ಡಿಸ್ಕ್‌ಗಳು ಎಸ್‌ಎಂಆರ್ ಎಂಬುದು ಬಯಲಾಗಿ ದೊಡ್ಡ ವಿವಾದವಾದ ಮೇಲೆ ಆ ಸಂಸ್ಥೆ ಸಿಎಂಆರ್ ಮಾದರಿಗಳನ್ನು ರೆಡ್ ಪ್ಲಸ್ ಎಂದು ಬೇರ್ಪಡಿಸಿತು. ಸೀಗೇಟ್ ಐರನ್‌ವುಲ್ಫ್ ಸರಣಿ ಸಿಎಂಆರ್. ನಾವು 2023ರಲ್ಲಿಯೇ 4 ಟಿಬಿಯ ಎರಡು ಐರನ್‌ವುಲ್ಫ್‌ಗಳಿಗೆ ಬದಲಾದೆವು.

ನಮ್ಮ ವೃತ್ತಿಯಲ್ಲಿ ಯಂತ್ರಗಳಿಗೆ ಕೈ ಹಾಕುವುದು ಆಷಾಢದಲ್ಲಿ, ಏಕೆಂದರೆ ಆಗ ಮದುವೆಗಳಿರುವುದಿಲ್ಲ. 2024ರ ಆಷಾಢದಲ್ಲಿ ಡಿಎಸ್923 ಪ್ಲಸ್ ತಂದೆವು. ಎಎಂಡಿ ರೈಜನ್ ಆರ್1600 ಪ್ರೊಸೆಸರ್, 4 ಜಿಬಿ ಇಸಿಸಿ (ತಪ್ಪುಗಳನ್ನು ತಾನೇ ತಿದ್ದಿಕೊಳ್ಳುವ) ಮೆಮೊರಿ, ಎರಡು ಗಿಗಾಬಿಟ್ ಪೋರ್ಟ್, ನಾಲ್ಕು ಡಿಸ್ಕಿಗೆ ಸ್ಥಳ, ಮೂರು ವರ್ಷದ ವಾರಂಟಿ. ಮೆಮೊರಿಯನ್ನು 32 ಜಿಬಿವರೆಗೆ ಏರಿಸಬಹುದು, ನಮಗೆ ಇನ್ನೂ ಅದರ ಅಗತ್ಯ ಬಂದಿಲ್ಲ.

ವರ್ಗಾವಣೆ ನಾನು ಹೆದರಿದ್ದಕ್ಕಿಂತ ಬಹಳ ಸುಲಭವಾಗಿತ್ತು. ಮೊದಲು ಪೂರ್ಣ ಬ್ಯಾಕಪ್ ತೆಗೆದು, ಹಳೆಯ ಪೆಟ್ಟಿಗೆಯ ಎರಡು ಡಿಸ್ಕ್‌ಗಳಿಗೆ 1, 2 ಎಂದು ಚೀಟಿ ಅಂಟಿಸಿ, ಅದೇ ಕ್ರಮದಲ್ಲಿ ಹೊಸದಕ್ಕೆ ಕೂರಿಸಿದೆವು. ಟ್ರೇಯ ಎರಡು ಬದಿಯ ಪಟ್ಟಿ ಕಿತ್ತು, ಡಿಸ್ಕ್ ಇಟ್ಟು, ಪಟ್ಟಿ ಒತ್ತಿದರೆ ಆಯಿತು, ಸ್ಕ್ರೂ ಬೇಡ. ಯಂತ್ರ ಹಳೆಯ ಡಿಸ್ಕ್‌ಗಳನ್ನು ಗುರುತಿಸಿ ವರ್ಗಾವಣೆ ಮಾಡಲೇ ಎಂದು ಕೇಳಿತು; ಅರ್ಧ ಗಂಟೆಯಲ್ಲಿ ಬಳಕೆದಾರರು, ಫೋಲ್ಡರುಗಳು, ಅನುಮತಿಗಳು ಎಲ್ಲವೂ ಇದ್ದಂತೆಯೇ ಇದ್ದವು.

ಬಳಿಕ 8 ಟಿಬಿಯ ಎರಡು ಡಿಸ್ಕ್ ಸೇರಿಸಿದೆವು. ಇಲ್ಲಿಯೇ ಸಿನಾಲಜಿಯ ಎಸ್‌ಎಚ್‌ಆರ್ ವ್ಯವಸ್ಥೆಯ ಲಾಭ ಕಾಣುವುದು. ರೇಡ್ ಎಂದರೆ ಒಂದು ಡಿಸ್ಕ್ ಕೆಟ್ಟರೂ ದತ್ತಾಂಶ ಉಳಿಯುವಂತೆ ಡಿಸ್ಕ್‌ಗಳನ್ನು ಜೋಡಿಸುವ ವಿಧಾನ; ಎಸ್‌ಎಚ್‌ಆರ್ ಅದರದೇ ಒಂದು ಬಗೆ. ಮಾಮೂಲಿ ರೇಡ್ 5ರಲ್ಲಿ ಎಲ್ಲ ಡಿಸ್ಕ್‌ಗಳನ್ನೂ ಅತಿ ಚಿಕ್ಕದರ ಅಳತೆಗೆ ಇಳಿಸಿ ಲೆಕ್ಕ ಹಾಕುವುದರಿಂದ 4, 4, 8, 8 ಸೇರಿದರೆ 12 ಟಿಬಿ ಮಾತ್ರ ಸಿಗುತ್ತದೆ. ಎಸ್‌ಎಚ್‌ಆರ್‌ನಲ್ಲಿ ಒಟ್ಟು 24ರಿಂದ ಅತಿ ದೊಡ್ಡ ಡಿಸ್ಕಿನ 8 ಕಳೆದರೆ ಉಳಿಯುವ 16 ಟಿಬಿಯೂ ನಮ್ಮದು. ಒಂದು 8 ಟಿಬಿ ಮಾತ್ರ ಸೇರಿಸಿದಾಗ ಅದರ ಅರ್ಧ ಭಾಗ ಜೊತೆಯಿಲ್ಲದೆ ಖಾಲಿ ಉಳಿಯುತ್ತದೆ, ಎರಡನೆಯದು ಬಂದ ಮೇಲೆಯೇ ಬಳಕೆಗೆ ಬರುತ್ತದೆ. ಹಾಗಾಗಿ ಕೊಳ್ಳುವುದಾದರೆ ಜೋಡಿಯಾಗಿ ಕೊಳ್ಳುವುದು ಒಳ್ಳೆಯದು. ಪ್ರತಿ ಡಿಸ್ಕ್ ಸೇರಿಸಿದಾಗಲೂ ವಿಸ್ತರಣೆಗೆ ಒಂದೂವರೆ ದಿನ ಹಿಡಿಯಿತು, ಆದರೆ ಆ ನಡುವೆ ಕೆಲಸ ನಿಲ್ಲಲಿಲ್ಲ. ಪರದೆಯ ಮೇಲೆ 16ರ ಬದಲು 14.5 ಎಂದು ಕಂಡರೆ ಗಾಬರಿ ಬೇಡ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಯಂತ್ರ 1024ರ ಲೆಕ್ಕದಲ್ಲಿ ಎಣಿಸುತ್ತದೆ.

ವೇಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಿಗಾಬಿಟ್ ಜಾಲದಲ್ಲಿ ಸೆಕೆಂಡಿಗೆ 110 ಎಂಬಿ ಬರುತ್ತದೆ, ಒಂದು ಮದುವೆಯ 200 ಜಿಬಿ ಸೇರಲು ಅರ್ಧ ಗಂಟೆ ಸಾಕು. ಹಿಂಬದಿಯಲ್ಲಿ 10 ಗಿಗಾಬಿಟ್ ಕಾರ್ಡ್ ಹಾಕಲು ಸ್ಥಳವಿದೆಯಾದರೂ ಸ್ವಿಚ್, ಕಂಪ್ಯೂಟರಿನ ಕಾರ್ಡ್ ಎಲ್ಲವನ್ನೂ ಬದಲಿಸದೆ ಅದರಿಂದ ಪ್ರಯೋಜನವಿಲ್ಲ. ಮೊದಲೇ 2.5 ಗಿಗಾಬಿಟ್ ಬೇಕೆನ್ನುವವರು ಕ್ಯೂನ್ಯಾಪ್‌ನ ಟಿಎಸ್-464 ನೋಡಬಹುದು. ಮನೆಯ ಟಿವಿಗೆ ಸಿನಿಮಾ ಪರಿವರ್ತಿಸಿ ಕಳುಹಿಸುವುದೇ ಮುಖ್ಯವಾದವರಿಗೆ ಡಿಎಸ್923 ಪ್ಲಸ್ ಸರಿಯಾದ ಆಯ್ಕೆಯಲ್ಲ, ಏಕೆಂದರೆ ಅದರ ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಭಾಗವೇ ಇಲ್ಲ. ಇಂಟೆಲ್ ಪ್ರೊಸೆಸರಿನ ಡಿಎಸ್224 ಪ್ಲಸ್ ಅಂಥವರಿಗೆ ಹೆಚ್ಚು ಹೊಂದುತ್ತದೆ. 2025ರಲ್ಲಿ ಬಂದ ಡಿಎಸ್925 ಪ್ಲಸ್‌ನಲ್ಲಿ 2.5 ಗಿಗಾಬಿಟ್ ಪೋರ್ಟುಗಳಿವೆ. ಆದರೆ ಆರಂಭದಲ್ಲಿ ಅದು ಸಂಸ್ಥೆ ಅನುಮೋದಿಸಿದ ಡಿಸ್ಕ್‌ಗಳನ್ನು ಮಾತ್ರ ಒಪ್ಪುತ್ತಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ಸಿನಾಲಜಿಯ ಕಾರ್ಯಾಚರಣೆ ತಂತ್ರಾಂಶ ಡಿಎಸ್‌ಎಂ 7.3 ಬಂದಾಗ ಈ ನಿರ್ಬಂಧ ಸಡಿಲವಾಯಿತು, ಈಗ ಕೊಳ್ಳುವವರು ಆ ಆವೃತ್ತಿ ಇರುವಂತೆ ನೋಡಿಕೊಳ್ಳಬೇಕು.

ಡಿಸ್ಕ್ ಸತ್ತರೆ ರೇಡ್ ಕಾಪಾಡುತ್ತದೆ, ತಪ್ಪಾಗಿ ಅಳಿಸಿದರೆ ಕಾಪಾಡುವುದಿಲ್ಲ; ಅಳಿಸಿದ್ದನ್ನು ಅದು ಎಲ್ಲ ಡಿಸ್ಕ್‌ಗಳಲ್ಲೂ ನಿಷ್ಠೆಯಿಂದ ಅಳಿಸುತ್ತದೆ. ಕಳೆದ ಕಾರ್ತಿಕದಲ್ಲಿ ನಮ್ಮ ಸಹಾಯಕನೊಬ್ಬ ಹೆಸರು ಒಂದೇ ಇದ್ದ ಎರಡು ಫೋಲ್ಡರುಗಳಲ್ಲಿ ತಪ್ಪಾದದ್ದನ್ನು ತೆಗೆದುಬಿಟ್ಟ, ಸಂಜೆ ಕಣ್ಣೀರಿಡುತ್ತಾ ಬಂದು ಹೇಳಿದ. ಬಿಟಿಆರ್‌ಎಫ್‌ಎಸ್ ಕಡತ ವ್ಯವಸ್ಥೆಯಲ್ಲಿ ಗಂಟೆಗೊಮ್ಮೆ ತೆಗೆಯುವಂತೆ ಇಟ್ಟಿದ್ದ ಸ್ನ್ಯಾಪ್‌ಶಾಟ್‌ನಿಂದ (ಆ ಹೊತ್ತಿನ ಕಡತಗಳ ಸ್ಥಿತಿಯ ದಾಖಲೆಯಿಂದ) ಆ ಮದುವೆ ಐದು ನಿಮಿಷದಲ್ಲಿ ಮರಳಿತು. ಈ ಸೌಲಭ್ಯ ಉಚಿತ, ಆದರೆ ನಾವೇ ಚಾಲೂ ಮಾಡಿಕೊಳ್ಳಬೇಕು. ಪೆಟ್ಟಿಗೆ ತಂದ ದಿನವೇ ಮಾಡಿಕೊಳ್ಳಿ.

ಖಾಲಿಯಾದ ಹಳೆಯ ಪೆಟ್ಟಿಗೆಗೆ 12 ಟಿಬಿಯ ಒಂದೇ ಡಿಸ್ಕ್ ಹಾಕಿ ಮೈಸೂರಿನ ಕುವೆಂಪುನಗರದ ಅಕ್ಕನ ಮನೆಯಲ್ಲಿ ಇಟ್ಟಿದ್ದೇವೆ. ಪ್ರತಿ ರಾತ್ರಿ ಸಿನಾಲಜಿಯ ಹೈಪರ್ ಬ್ಯಾಕಪ್ ತಂತ್ರಾಂಶ ಹೊಸ ಕೆಲಸವನ್ನು 45 ಕಿಲೋಮೀಟರ್ ದೂರಕ್ಕೆ ಕಳುಹಿಸುತ್ತದೆ. ಮೊದಲ ಪ್ರತಿಯನ್ನು ಮಾತ್ರ ಮಂಡ್ಯದಲ್ಲಿಯೇ ಮಾಡಿ ಕಾರಿನಲ್ಲಿ ಒಯ್ದೆವು, ಏಕೆಂದರೆ ಆಗ ಇದ್ದ ಮೂರೂವರೆ ಟಿಬಿಯನ್ನು 50 ಮೆಗಾಬಿಟ್ ಸಂಪರ್ಕದಲ್ಲಿ ಕಳುಹಿಸಲು ಆರೂವರೆ ದಿನ ಬೇಕಾಗುತ್ತಿತ್ತು. ಎರಡು ಪೆಟ್ಟಿಗೆಗಳ ನಡುವಿನ ಸಂಪರ್ಕ ಟೇಲ್‌ಸ್ಕೇಲ್ ಎಂಬ ಖಾಸಗಿ ಜಾಲದ ತಂತ್ರಾಂಶದ ಮೂಲಕ ನಡೆಯುತ್ತದೆ, ರೂಟರಿನಲ್ಲಿ ಯಾವ ಪೋರ್ಟನ್ನೂ ತೆರೆದಿಲ್ಲ. 2022ರಲ್ಲಿ ಹಣಕ್ಕಾಗಿ ಕಡತಗಳನ್ನು ಒತ್ತೆಯಿಡುವ ಡೆಡ್‌ಬೋಲ್ಟ್ ರ್‍ಯಾನ್ಸಮ್‌ವೇರ್ ಬೀಗ ಹಾಕಿದ್ದು ಅಂತರ್ಜಾಲಕ್ಕೆ ನೇರವಾಗಿ ತೆರೆದಿಟ್ಟ ನ್ಯಾಸ್‌ಗಳಿಗೆ.

ವಿದ್ಯುತ್ತಿನ ಲೆಕ್ಕವನ್ನೂ ಹೇಳಬೇಕು. ಕೆಲಸ ಮಾಡುವಾಗ ಈ ಯಂತ್ರಕ್ಕೆ ಸುಮಾರು 35 ವ್ಯಾಟ್ ಬೇಕು, ತಿಂಗಳಿಡೀ ಹಾಗೆಯೇ ಓಡಿದರೂ 25 ಯೂನಿಟ್. ಬೇಸಿಗೆಯಲ್ಲಿ ಕರೆಂಟ್ ಹೋಗಿ ಬರುವ ಊರಿನಲ್ಲಿ ಯುಪಿಎಸ್ ಇಲ್ಲದೆ ಇದನ್ನು ನಡೆಸಬಾರದು. ಯುಎಸ್‌ಬಿ ತಂತಿಯಿಂದ ಜೋಡಿಸುವ ಯುಪಿಎಸ್ ಆರಿಸಿಕೊಂಡರೆ ಬ್ಯಾಟರಿ ಇಳಿಯುವ ಮೊದಲೇ ಯಂತ್ರ ಬರೆಯುವುದನ್ನು ನಿಲ್ಲಿಸಿ ಸುರಕ್ಷಿತ ಸ್ಥಿತಿಗೆ ಹೋಗುತ್ತದೆ.

ಈಗ ಕಚ್ಚಾ ವಿಡಿಯೊವನ್ನು ಒಂದು ವರ್ಷ ಇಡುತ್ತೇವೆ, 9 ಟಿಬಿ ತುಂಬಿದೆ. 2023ರ ಆ ಎರಡು 4 ಟಿಬಿ ಡಿಸ್ಕ್‌ಗಳ ಮೂರು ವರ್ಷದ ವಾರಂಟಿ ಮುಗಿಯುತ್ತಿರುವುದರಿಂದ ಬರುವ ಆಷಾಢದಲ್ಲಿ ಅವನ್ನು ಒಂದಾದ ಮೇಲೊಂದರಂತೆ 8 ಟಿಬಿಗೆ ಬದಲಿಸುತ್ತೇವೆ. ಮೊದಲನೆಯದು ಮುಗಿದಾಗ ಜಾಗ 20 ಟಿಬಿ, ಎರಡನೆಯದು ಮುಗಿದಾಗ 24.