ಗಿಡಕ್ಕೆ ಚಳಿಗಾಲದ ಹೊದಿಕೆ: ಬಟ್ಟೆಗೆ ಸೈ, ಗೂಟಕ್ಕೆ ಕೈಮುಗಿದೆ

ಹಿಮದ ರಾತ್ರಿ ಗಿಡ ಕಾಯೋಕೆ ಅಂತ ಮಾರುವ ತೆಳು ಬಿಳಿ ಬಟ್ಟೆಯ ಮಾತು ಇದು. ಅದರ ಉದ್ದ ಅಗಲ ಎಲ್ಲ ಪ್ಯಾಕೆಟ್ ಮೇಲೇ ಇದೆ, ಅದು ಬೇಡ. ನಾನು ಬರೆಯೋಕೆ ಕೂತಿದ್ದೇ ಬಟ್ಟೆಯ ಅಂಚನ್ನು ನೆಲಕ್ಕೆ ಚುಚ್ಚಿ ನಿಲ್ಲಿಸೋಕೆ ಜೊತೆಗೆ ಕೊಟ್ಟ ಪ್ಲಾಸ್ಟಿಕ್ ಗೂಟಗಳ ಮೇಲಿನ ಸಿಟ್ಟಿಗೆ. ಹದವಾದ ಮಣ್ಣಿಗೆ ಸಲೀಸಾಗಿ ಇಳಿಯುತ್ತವೆ. ಚಳಿಗೆ ನೆಲ ಬಿಗಿದ ಮೇಲೆ ಒಂದೇಟು ಹಾಕಿ ನೋಡಿ, ತಲೆ ಒಂದು ಕಡೆ, ಕಾಲು ಒಂದು ಕಡೆ. ಮುರಿಯದೆ ನಿಂತರೂ ಸುಖವಿಲ್ಲ. ರಾತ್ರಿ ಗಾಳಿಗೆ ಬಟ್ಟೆ ಪಟಪಟ ಹೊಡೆದುಕೊಂಡು, ಗೂಟ ಚುಚ್ಚಿದ ತೂತು ಬೆಳಗಾಗುವಷ್ಟರಲ್ಲಿ ಗೇಣುದ್ದ ಹರಿದಿರುತ್ತೆ. ಈಗ ಅಂಚಿನ ಮೇಲೆ ಇಟ್ಟಿಗೆ ಹೇರ್ತೀನಿ, ಅಷ್ಟೇ.

ಬಟ್ಟೆಯನ್ನು ಮಾತ್ರ ಹಾಗೆ ಬಯ್ಯಲಾರೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿಯೇ ಗಿಡಕ್ಕೆ ಕಂಟಕ. ನೆಲದ ಬಿಸಿಯೆಲ್ಲ ಆಕಾಶಕ್ಕೆ ಹೋಗಿಬಿಡುತ್ತೆ. ಅಂಥ ದಿನ ಮಣ್ಣು ಒಣಗಿದ್ದರೆ ಮಧ್ಯಾಹ್ನವೇ ಬುಡಕ್ಕೆ ನೀರು ಹಾಕ್ತೀನಿ, ಒದ್ದೆ ಮಣ್ಣು ಬಿಸಿಯನ್ನು ಹೆಚ್ಚು ಹಿಡಿದಿಟ್ಟುಕೊಳ್ಳುತ್ತೆ. ಹೊತ್ತು ಮುಳುಗುವ ಮುಂಚೆ ಸುತ್ತ ಕೋಲು ನೆಟ್ಟು, ಎಲೆಗೆ ತಾಗದ ಹಾಗೆ ಬಟ್ಟೆ ಇಳಿಬಿಡೋದು, ನೆಲ ಮುಟ್ಟುವವರೆಗೆ. ಕೆಲವರು ಗಿಡದ ತಲೆಗೆ ಹೊದಿಸಿ ಕಾಂಡಕ್ಕೆ ಗಂಟು ಹಾಕ್ತಾರೆ. ಬಿಸಿ ಬರೋದೇ ಮಣ್ಣಿನಿಂದ, ಬಾಗಿಲು ಮುಚ್ಚಿದರೆ ಒಳಗೆ ಬರೋದು ಹೇಗೆ?

ಬೆಳಿಗ್ಗೆ ಬಟ್ಟೆ ಎತ್ತುವುದು ನನಗೆ ತುಂಬಾ ಇಷ್ಟದ ಕೆಲಸ. ಮೇಲುಮೈ ತುಂಬಾ ಬಿಳಿ ಹರಳು, ಬೆರಳಿಗೆ ಗರಗರ ಅನ್ನುತ್ತೆ. ಒಳಗೆ ಮೆಣಸಿನ ಗಿಡದ ಒಂದು ಎಲೆಯೂ ಕಪ್ಪಾಗಿರಲ್ಲ. ಕೊಡವಿ ಹಗ್ಗದ ಮೇಲೆ ಹರವಿದರೆ ಸಂಜೆಯೊಳಗೆ ಒಣಗಿರುತ್ತೆ.

ಮೆಚ್ಚುಗೆ ಇಲ್ಲಿಗೆ ಮುಗೀತು. ಇದು ಪಾಲಿಪ್ರೊಪಿಲೀನ್, ಅಂದರೆ ಒಂದು ಬಗೆಯ ಪ್ಲಾಸ್ಟಿಕ್. ಬಿಸಿಲಿನ ಅತಿನೇರಳೆ ಕಿರಣಕ್ಕೆ ಬರಬರುತ್ತಾ ಪುಡಿಯಾಗುತ್ತೆ, ಆದರೆ ಮಣ್ಣಲ್ಲಿ ಕೊಳೆಯಲ್ಲ. ಬೇಸಿಗೆಯಲ್ಲಿ ಮಡಿ ಅಗೆಯುವಾಗ ಬಿಳಿ ಎಳೆಗಳನ್ನು ಒಂದೊಂದಾಗಿ ಹೆಕ್ಕೋದು ಯಾರಿಗೆ ಬೇಕು! ಹಿಮ ನಿಂತ ಕೂಡಲೇ ಮಡಚಿ ನೆರಳಲ್ಲಿಡಿ.

ದಿನಾ ಹೊದಿಸಿ ತೆಗೆಯೋಕೆ ಪುರುಸೊತ್ತಿಲ್ಲದವರಿಗೆ ಚದರ ಮೀಟರಿಗೆ 17 ಗ್ರಾಂ ತೂಗುವ ತೆಳುವಾದದ್ದು ಸರಿ, ಹಗಲೂ ಹಾಗೇ ಬಿಡಬಹುದು. 30 ಗ್ರಾಂನದು ಹೆಚ್ಚು ಬೆಚ್ಚಗಿಡುತ್ತೆ, ಆದರೆ ಬೆಳಕು ಅಷ್ಟಾಗಿ ಬಿಡಲ್ಲ, ಹಗಲು ತೆಗೀಲೇಬೇಕು. ಕುಂಡ ಕೆಲವೇ ಇದ್ದು ಹಿಮ ಅಪರೂಪವಾದರೆ ದುಡ್ಡು ಸುರಿಯಬೇಡಿ, ಹಳೇ ಬೆಡ್‌ಶೀಟ್ ಸಾಕು. ಅದು ನೆನೆದರೆ ಭಾರಕ್ಕೆ ರೆಂಬೆ ಬಗ್ಗುತ್ತೆ, ಅದೊಂದನ್ನು ನೋಡಿಕೊಳ್ಳಿ. ಪ್ಯಾಕೆಟ್ ಹೊದಿಕೆಗೆ ನನ್ನ ಅಂಕ ಐದಕ್ಕೆ ಮೂರು.